ಮಗುವಿನ ಬೆಳವಣಿಗೆಯಲ್ಲಿ ವಿಳಂಬ: ಎಷ್ಟು ಕಾಯಬೇಕು, ಎಂದು ತೋರಿಸಬೇಕು?

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಗರ್ಭಿಣಿಯ ಆರೈಕೆಯಿಂದ ತೊಡಗಿ ಮಗುವಿನ ಪಾಲನೆ, ಹಾಲು, ಆಹಾರ, ರೋಗಚಿಕಿತ್ಸೆಗಳವರೆಗೆ ಎಲ್ಲವೂ ಈ ಅಂಗಕ್ಕೆ ಸೇರುತ್ತವೆ. ಇದರ ಮುಖ್ಯ ಗ್ರಂಥವಾದ ಕಾಶ್ಯಪ ಸಂಹಿತೆಯು ನಮಗೆ ಪೂರ್ಣವಾಗಿ ದೊರೆತಿಲ್ಲ. ದೊರೆತಷ್ಟರಲ್ಲಿಯೇ ‘ಫಕ್ಕ’ ಎಂಬ ವ್ಯಾಧಿಯ ವಿವರವಿದೆ. ಒಂದು ವರ್ಷ ಕಳೆದರೂ ತನ್ನ ಕಾಲಿನ ಮೇಲೆ ನಡೆಯದ ಮಗುವಿನ ಸ್ಥಿತಿಯನ್ನು ಆಚಾರ್ಯರು ಈ ಹೆಸರಿನಿಂದ ಕರೆದರು. ಅದಕ್ಕೆ ಮೂರು ಬಗೆಯ ಕಾರಣಗಳನ್ನೂ ಹೇಳಿದರು: ತಾಯಿಯ ಹಾಲಿನ ದೋಷದಿಂದ ಬರುವುದು ಕ್ಷೀರಜ, ತಾಯಿ ಪುನಃ ಗರ್ಭ ಧರಿಸಿದಾಗ ಮಗುವಿನ ಪೋಷಣೆ ಕುಂದಿ ಬರುವುದು ಗರ್ಭಜ, ಬೇರೆ ರೋಗಗಳಿಂದ ಸೊರಗಿ ಬರುವುದು ವ್ಯಾಧಿಜ. ‘ಹಣೆಬರಹ’ ಎಂದು ಕೈಬಿಡದೆ ಕಾರಣವನ್ನು ಹುಡುಕಿದ ಈ ದೃಷ್ಟಿಯನ್ನು ಇಂದಿನ ಗೃಹಸ್ಥರು ವಿಶೇಷವಾಗಿ ಗಮನಿಸಬೇಕು.

ಚಿಕಿತ್ಸೆಯ ಭಾಗದಲ್ಲಿ ಘೃತ, ತೈಲ, ಅಭ್ಯಂಗಗಳ ಜೊತೆಗೆ ಮೂರು ಚಕ್ರಗಳ ಒಂದು ಪುಟ್ಟ ರಥದ ಪ್ರಸ್ತಾಪ ಬರುತ್ತದೆ. ಮಗು ಅದನ್ನು ಹಿಡಿದು ನಡೆಯಲು ಅಭ್ಯಾಸ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಬಡಿಗರು ಮಾಡಿಕೊಡುತ್ತಿದ್ದ ಮೂರು ಗಾಲಿಯ ಮರದ ತಳ್ಳುಗಾಡಿ ಇದರ ಬಂಧುವೇ ಸರಿ. ಔಷಧವೊಂದರಿಂದಲೇ ಮಗು ನಡೆಯುವುದಿಲ್ಲ, ಅಭ್ಯಾಸವೂ ಬೇಕು ಎಂಬ ತಿಳಿವಳಿಕೆ ಅಲ್ಲಿದೆ. ಇಂದು ಪೇಟೆಯಲ್ಲಿ ಸಿಗುವ, ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಮಾತ್ರ ಈ ಜಾತಿಗೆ ಸೇರಿದ್ದಲ್ಲ. ಅದರಲ್ಲಿ ಮಗು ನಿಲ್ಲುವುದನ್ನೂ ಸಮತೋಲವನ್ನೂ ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯವೂ ಇದೆ. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಾಮಕರಣಕ್ಕೆ ಉಡುಗೊರೆಯಾಗಿ ಅದನ್ನು ಕೊಡುವ ಬಂಧುಗಳು ಇನ್ನು ಮುಂದೆ ತಳ್ಳುಗಾಡಿಯನ್ನೇ ಕೊಡಲಿ.

ಹುಟ್ಟಿದಾಗ ಮಗುವಿನ ಮಿದುಳು ವಯಸ್ಕರ ಮಿದುಳಿನ ಸುಮಾರು ಕಾಲು ಭಾಗದಷ್ಟು ತೂಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಮುಕ್ಕಾಲು ಭಾಗವನ್ನು ಮುಟ್ಟುತ್ತದೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು, ತಾಯಿಯೊಡನೆ ಆಡಿದ್ದು ಇವೆಲ್ಲದರಿಂದ ನರಕೋಶಗಳ ನಡುವೆ ಸಂಬಂಧಗಳು ಹೆಣೆದುಕೊಳ್ಳುತ್ತವೆ. ಬಳಸಿದ ಸಂಬಂಧ ಬಲಗೊಳ್ಳುತ್ತದೆ, ಬಳಸದಿದ್ದುದು ಕ್ಷೀಣಿಸುತ್ತದೆ. ಕಿವಿ ಕೇಳದ ಮಗುವಿಗೆ ಆರನೆಯ ತಿಂಗಳಿನಲ್ಲಿ ಶ್ರವಣಯಂತ್ರ ತೊಡಿಸುವುದಕ್ಕೂ ಆರನೆಯ ವರ್ಷದಲ್ಲಿ ತೊಡಿಸುವುದಕ್ಕೂ ಇರುವ ಅಂತರ ಇದರಿಂದಲೇ ಉಂಟಾಗುತ್ತದೆ. ಯಂತ್ರ ಅದೇ ಆಗಿದ್ದರೂ ಅದನ್ನು ಬಳಸಿಕೊಳ್ಳುವ ಮಿದುಳು ಅದೇ ಆಗಿರುವುದಿಲ್ಲ.

ಹಾಗೆಂದು ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಹದಿಮೂರಾದರೂ ನಡೆಯಲಿಲ್ಲ ಎಂದು ಗಾಬರಿಗೊಳ್ಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ನಡೆಯುವ ವಯಸ್ಸು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳಿನವರೆಗೆ ಹರಡಿತ್ತು. ಆಸರೆಯಿಲ್ಲದೆ ಕೂರುವುದು ಸುಮಾರು ನಾಲ್ಕರಿಂದ ಒಂಬತ್ತು ತಿಂಗಳೊಳಗೆ ಆಗಿತ್ತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನೇರವಾಗಿ ಎದ್ದು ನಡೆದಿದ್ದವು. ಆದ್ದರಿಂದ ಸಹಜತೆಯ ಅಂಗಳ ವಿಶಾಲವಾಗಿದೆ. ಆದರೆ ಅದಕ್ಕೂ ಒಂದು ಬೇಲಿಯಿದೆ, ಆ ಬೇಲಿಯನ್ನು ತಾಯಿತಂದೆಯರು ತಿಳಿದಿರಬೇಕು.

ಎರಡು ತಿಂಗಳು ತುಂಬಿದ ಮಗು ಮುಖ ನೋಡಿ ನಗಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಒಂಬತ್ತು ತಿಂಗಳಾದರೂ ಕೂರದ ಮಗುವನ್ನು, ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಲೇಬೇಕು. ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗಬೇಕು. ‘ಟಾಟಾ’ ಎಂದು ಕೈಬೀಸುವುದು, ಬೇಕಾದುದನ್ನು ಬೆರಳಿನಿಂದ ತೋರಿಸುವುದು ಆಗಲೇ ಆರಂಭವಾಗುತ್ತದೆ. ಹದಿನಾರು ತಿಂಗಳಾದರೂ ಅರ್ಥವುಳ್ಳ ಒಂದು ಪದವೂ ಇಲ್ಲ, ಎರಡು ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸುವುದಿಲ್ಲ ಎಂದರೆ ಪರೀಕ್ಷೆ ಅವಶ್ಯ. ವರ್ಷದೊಳಗಿನ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ‘ಎಡಚನಾಗುತ್ತಾನೆ’ ಎಂದು ಮನೆಯವರು ನಗುತ್ತಾರೆ. ಆ ವಯಸ್ಸಿನಲ್ಲಿ ಎಡಚ ಬಲಚವೆಂಬುದು ಇನ್ನೂ ನಿಶ್ಚಯವಾಗಿರುವುದಿಲ್ಲ; ಇನ್ನೊಂದು ಕೈ ದುರ್ಬಲವಾಗಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೆಂದರೆ, ಕಲಿತದ್ದನ್ನು ಮಗು ಕಳೆದುಕೊಳ್ಳುವುದು. ಆಡುತ್ತಿದ್ದ ಮಾತು ನಿಂತರೆ, ಕೂರುತ್ತಿದ್ದ ಮಗು ಕೂರದಂತಾದರೆ, ನಗುತ್ತಿದ್ದುದು ನಗುವನ್ನು ಬಿಟ್ಟರೆ ಯಾವ ವಯಸ್ಸಿನಲ್ಲಿಯೇ ಆಗಲಿ ಒಂದು ವಾರವೂ ತಡೆಯಬಾರದು.

ಅವಧಿಗೆ ಮುನ್ನ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಆ ಎರಡು ತಿಂಗಳನ್ನು ಕಳೆದು, ಎರಡು ವರ್ಷದವರೆಗೂ ಅದೇ ಲೆಕ್ಕದಲ್ಲಿ ಬೆಳವಣಿಗೆಯನ್ನು ಅಳೆಯಬೇಕು. ಹುಟ್ಟಿದ ಕೂಡಲೆ ಅಳದ ಮಗು, ತೀರ ಕಡಿಮೆ ತೂಕದ ಮಗು, ಕಾಮಾಲೆ ಏರಿ ನೀಲಿ ಬೆಳಕಿನಲ್ಲಿ ಇರಿಸಲಾಗಿದ್ದ ಮಗು, ಮೊದಲ ದಿನಗಳಲ್ಲಿ ಫಿಟ್ಸ್ ಬಂದ ಮಗು ಇವರನ್ನು ಲಕ್ಷಣ ಕಾಣಲೆಂದು ಕಾಯದೆ ಮೊದಲ ತಿಂಗಳಿನಿಂದಲೇ ಕ್ರಮವಾಗಿ ತೋರಿಸುತ್ತಿರಬೇಕು. ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಮಾಡುವ ಥೈರಾಯಿಡ್ ಪರೀಕ್ಷೆಯನ್ನು ‘ಕೂಸಿಗೆ ಚುಚ್ಚುತ್ತಾರೆ’ ಎಂದು ಬೇಡವೆನ್ನಬೇಡಿ. ಥೈರಾಯಿಡ್ ಕೊರತೆ ಮೊದಲ ಎರಡು ವಾರಗಳಲ್ಲಿ ತಿಳಿದುಬಂದರೆ ದಿನಕ್ಕೊಂದು ಸಣ್ಣ ಗುಳಿಗೆಯಿಂದ ಬುದ್ಧಿಮಾಂದ್ಯವನ್ನು ತಡೆಯಬಹುದು.

ಮಾತು ತಡವಾದ ಮಕ್ಕಳೇ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ, ಬರುವಾಗ ಬಹುಪಾಲು ಮೂರು ವರ್ಷ ಕಳೆದಿರುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಸೊಸೆಯೊಂದಿಗೆ ಮೊಮ್ಮಗನನ್ನು ಕರೆತಂದಿದ್ದರು. “ಇವರಪ್ಪನೂ ನಾಕ್ ವರ್ಷಕ್ಕ ಮಾತಾಡ್ಯಾನ್ರಿ ಡಾಕ್ಟರ್ರ, ಇದು ನಮ್ಮ ವಂಶದಾಗ ಐತಿ. ನಾಲಿಗಿಗೆ ಹಚ್ಚಾಕ ಚಲೋ ಬಜಿ ಕೊಡ್ರಿ” ಎಂದರು. “ಕೊಡೋಣವ್ವ, ಮೊದಲು ಕೂಸಿನ ಕಿವಿ ನೋಡೋಣ” ಎಂದೆ. ಕಿವಿ ಕೇಳುತ್ತದೆ, ಹಿಂದಿನಿಂದ ತಟ್ಟೆ ಬಡಿದರೆ ತಿರುಗುತ್ತಾನೆ ಎಂದು ಅವರು ಖಚಿತವಾಗಿ ಹೇಳಿದರು. ಸೊಸೆ ಮಾತನಾಡಲಿಲ್ಲ. ಅತ್ತೆ ಹೊರಗೆ ಹೋದ ಮೇಲೆ, “ನಾ ಕರದ್ರ ತಿರಗಂಗಿಲ್ರಿ, ನಾ ಮುಂದ ಬಂದ್ರ ನಗ್ತಾನ” ಎಂದಳು. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗಳ ದೋಷ ತೀವ್ರವಾಗಿತ್ತು. ಹುಡುಗನಿಗೆ ಆಗ ಎರಡೂವರೆ ವರ್ಷ. ಶ್ರವಣಯಂತ್ರ, ವಾಕ್‌ಚಿಕಿತ್ಸೆ ಎರಡೂ ಆದವು. ಈಗ ಶಾಲೆಗೆ ಹೋಗುತ್ತಾನೆ. ಮಾತು ಸ್ವಲ್ಪ ತೊದಲಾದರೂ ಅಜ್ಜಿಯೊಡನೆ ಜಗಳವಾಡುವಷ್ಟು ಬಂದಿದೆ.

ತಟ್ಟೆ ಬಡಿಯುವ ಪರೀಕ್ಷೆಯನ್ನು ನಂಬಬೇಡಿ. ಮಗು ನೆಲದ ಕಂಪನಕ್ಕೆ, ನೆರಳಿಗೆ, ಗಾಳಿಗೆ ತಿರುಗಬಹುದು. ಕೆಲವು ಮಕ್ಕಳಿಗೆ ಗಡುಸಾದ ಸದ್ದು ಕೇಳಿಸಿ, ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸುವುದಿಲ್ಲ. ನಿದ್ರಿಸುತ್ತಿರುವ ಶಿಶುವಿನ ಕಿವಿಗೆ ಸಣ್ಣದೊಂದು ತುದಿಯನ್ನಿಟ್ಟು ಮಾಡುವ ಓಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಈ ಕ್ಷೇತ್ರದ ನಿಯಮ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುಗಿವುಡಿನ ಸಂಭವ ಹೆಚ್ಚು. ಅಂಥ ಮನೆಗಳಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಬಜೆಯ ವಿಷಯಕ್ಕೆ ಬರೋಣ. ನಮ್ಮ ಶಾಸ್ತ್ರದಲ್ಲಿ ವಚಾ ಎಂಬ ಈ ಮೂಲಿಕೆಗೆ ಗೌರವದ ಸ್ಥಾನವಿದೆ, ನಾನೂ ಅದನ್ನು ಬಳಸುತ್ತೇನೆ. ಆದರೆ ಕೇಳದ ಕಿವಿಯನ್ನು ಬಜೆ ಕೇಳಿಸುವುದಿಲ್ಲ. ಕೇಳದ ಮಗು ಮಾತು ಕಲಿಯುವುದೂ ಇಲ್ಲ. ಬಜೆ ತೇಯುತ್ತ ಕಳೆದ ಒಂದೊಂದು ವರ್ಷವೂ ಮಗುವಿಗೆ ನಷ್ಟ. ಇನ್ನು ಸ್ವರ್ಣಪ್ರಾಶನ. ಲೇಹನವನ್ನು ಹೇಳಿದ ಕಾಶ್ಯಪರೇ ಯಾವ ಯಾವ ಮಕ್ಕಳಿಗೆ ಅದನ್ನು ಕೊಡಬಾರದೆಂದೂ ಹೇಳಿದ್ದಾರೆ. ಶಿಬಿರಗಳಲ್ಲಿ ಸಾಲಾಗಿ ನಿಲ್ಲಿಸಿ ಎಲ್ಲರ ಬಾಯಿಗೂ ಹನಿ ಹಾಕುವವರು ಆ ಭಾಗವನ್ನು ಓದಿದಂತೆ ಕಾಣುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಬಾರದೆಂದು ಇಂದಿನ ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸಡಿಲಗೊಳಿಸುವ ವಿಷವನ್ನು ಉಂಟುಮಾಡಬಲ್ಲದು. ಈ ಮಾತನ್ನು ನಾನು ಒಪ್ಪುತ್ತೇನೆ, ನನ್ನಲ್ಲಿಗೆ ಬರುವವರಿಗೂ ಹೇಳುತ್ತೇನೆ.

ಸಸ್ಯಾಹಾರಿಗಳಾದ ನಮ್ಮ ಓದುಗರ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕಾರಣವನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಆರರಿಂದ ಹದಿನೆಂಟು ತಿಂಗಳೊಳಗಿನ, ಬರಿಯ ಎದೆಹಾಲಿನ ಮೇಲೆಯೇ ಬೆಳೆಯುತ್ತಿರುವ ಮಗು; ನೋಡಲು ಗುಂಡಗೆ ಇರಬಹುದು, ಆದರೆ ಮುಖ ಬಿಳಿಚಿಕೊಂಡಿರುತ್ತದೆ. ಬೆರಳಿನ ಗೆಣ್ಣುಗಳು ಕಪ್ಪಾಗಿರುತ್ತವೆ. ಕೂದಲು ತೆಳ್ಳಗೆ, ಬಣ್ಣಗೆಟ್ಟು ಇರುತ್ತದೆ. ನಗುತ್ತಿದ್ದ ಕೂಸು ಮಂಕಾಗಿ, ಕೂರುತ್ತಿದ್ದುದು ಮತ್ತೆ ಮಲಗಿಬಿಡುತ್ತದೆ. ಕೆಲವೊಮ್ಮೆ ಕೈ ಕಾಲು, ತಲೆ ನಡುಗತೊಡಗುತ್ತವೆ. ಬಿ12 ಜೀವಸತ್ವದ ಕೊರತೆ ಇದರ ಮುಖ್ಯ ಕಾರಣ. ಈ ಜೀವಸತ್ವವು ಸೊಪ್ಪು, ಕಾಳು, ಧಾನ್ಯಗಳಲ್ಲಿ ಇರುವುದಿಲ್ಲ; ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳಿಂದಲೇ ದೊರೆಯಬೇಕು. ಬಾಣಂತಿಗೆ ‘ಶೀತವಾಗುತ್ತದೆ’ ಎಂದು ಹಾಲು ಮೊಸರನ್ನು ತಪ್ಪಿಸಿ ಬರಿಯ ಅನ್ನ ಸಾರಿನ ಪಥ್ಯ ಮಾಡಿಸಿದರೆ ತಾಯಿಯಲ್ಲಿಯೇ ಅದು ಬರಿದಾಗುತ್ತದೆ, ಹಾಲಿನಲ್ಲಿ ಎಲ್ಲಿಂದ ಬಂದೀತು? ಕ್ಷೀರಜ ಫಕ್ಕವನ್ನು ಹೇಳಿದ ಕಾಲಕ್ಕೆ ಬಿ12 ತಿಳಿದಿತ್ತೆಂದು ಹೇಳುವವನು ನಾನಲ್ಲ. ಆದರೆ ತಾಯಿಯ ಹಾಲನ್ನು ಮೊದಲು ಪರಿಶೀಲಿಸು ಎಂಬ ಅವರ ಕ್ರಮ ಇಲ್ಲಿ ಸರಿಯಾಗಿಯೇ ಹೊಂದುತ್ತದೆ.

ಸಮಾಧಾನದ ವಿಷಯವೇನೆಂದರೆ, ಬೇಗ ಗುರುತಿಸಿದರೆ ಬಿ12 ಚುಚ್ಚುಮದ್ದಿನಿಂದ ಕೆಲವೇ ದಿನಗಳಲ್ಲಿ ಮಗುವಿನ ಮುಖದಲ್ಲಿ ಕಳೆ ಮರಳತೊಡಗುತ್ತದೆ. ತಡವಾದರೆ ಮಿದುಳಿನ ಹಾನಿ ಪೂರ್ತಿಯಾಗಿ ಸರಿಹೋಗದೆ ಉಳಿಯಬಹುದು. ಆದ್ದರಿಂದ ಗರ್ಭಿಣಿಯರೂ ಬಾಣಂತಿಯರೂ ದಿನವೂ ಹಾಲು ಮೊಸರನ್ನು ಸೇವಿಸಲಿ, ವೈದ್ಯರ ಸಲಹೆಯಂತೆ ಬಿ12 ಗುಳಿಗೆಯನ್ನೂ ತೆಗೆದುಕೊಳ್ಳಲಿ. ನಮ್ಮ ಆಹಾರಧರ್ಮವನ್ನು ಬಿಡಬೇಕಾದ ಪ್ರಮೇಯವೇ ಇಲ್ಲ. ಆರು ತಿಂಗಳು ತುಂಬಿದ ಕೂಡಲೆ ಎದೆಹಾಲಿನೊಂದಿಗೆ ರಾಗಿಯ ಸರಿ, ಬೇಳೆ, ತುಪ್ಪ, ಮೊಸರನ್ನ, ಹಣ್ಣು ಆರಂಭವಾಗಬೇಕು. ಕಬ್ಬಿಣಾಂಶದ ಕೊರತೆಯೂ ಮಗುವಿನ ಗಮನ, ಕಲಿಕೆಗಳನ್ನು ಕುಂದಿಸುವುದರಿಂದ ಅಂಗನವಾಡಿ, ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ.

ಆಟಿಸಂ ಎಂಬ ಪದ ಈಗ ಹಳ್ಳಿಗಳಿಗೂ ಬಂದಿದೆ. ಕಣ್ಣಿಗೆ ಕಣ್ಣು ಕೊಡದಿರುವುದು, ಕರೆದರೆ ಓಗೊಡದಿರುವುದು, ಬೇಕಾದುದನ್ನು ಬೆರಳಿನಿಂದ ತೋರಿಸದೆ ನಮ್ಮ ಕೈಯನ್ನೇ ಹಿಡಿದು ಎಳೆಯುವುದು, ಆಟಿಕೆಯ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುತ್ತಿರುವುದು, ಸಣ್ಣ ಬದಲಾವಣೆಗೂ ರಂಪ ಮಾಡುವುದು ಅದರ ಕೆಲವು ಲಕ್ಷಣಗಳು. ತಾಯಿಯ ಪ್ರೀತಿ ಸಾಲದೆ ಇದು ಬಂತೆಂಬುದು ಸುಳ್ಳು. ಲಸಿಕೆಯಿಂದ ಬಂತೆಂಬುದೂ ಸುಳ್ಳು. ಮೊಬೈಲಿನಿಂದಲೇ ಆಟಿಸಂ ಬರುತ್ತದೆಂದು ಹೇಳಲಾಗದು. ಆದರೆ ಮೊಬೈಲ್ ಮಗುವಿನೊಡನೆ ಸಂಭಾಷಿಸುವುದಿಲ್ಲ, ಮಾತಿಗೆ ಮೀಸಲಾದ ಹೊತ್ತನ್ನು ಅದು ನುಂಗಿಹಾಕುತ್ತದೆ. ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ಊಟ ಮಾಡಿಸಲು ಮೊಬೈಲ್ ಹಿಡಿಯುವ ಪದ್ಧತಿಯನ್ನಂತೂ ಇಂದೇ ಕೈಬಿಡಿ. ಆಟಿಸಮ್ಮನ್ನು ಬುಡಸಹಿತ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವವರನ್ನು ದೂರವಿಡಿ. ಅವರು ಸ್ಟೆಮ್ ಸೆಲ್ ಎನ್ನಲಿ, ಭಸ್ಮ ಎನ್ನಲಿ, ಹೊಲವನ್ನು ಅಡವಿಡಿಸಿ ಹಣ ಕೀಳುವ ದಂಧೆ ಅದು. ಈ ಮಕ್ಕಳಿಗೆ ನೆರವಾಗುವುದು ದಿನನಿತ್ಯದ ತರಬೇತಿ, ಅದರ ದೊಡ್ಡ ಪಾಲು ನಡೆಯುವುದು ಮನೆಯಲ್ಲಿಯೇ.

ಎಣ್ಣೆನೀರಿನ ಬಗ್ಗೆ ಒಂದೆರಡು ಮಾತು. ಬೆಚ್ಚನೆಯ ಎಣ್ಣೆಯಿಂದ ಮೃದುವಾಗಿ ತಿಕ್ಕುವ ಅಭ್ಯಂಗ ಮಗುವಿಗೂ ತಾಯಿಗೂ ಹಿತಕರ. ಆದರೆ ಕೈಕಾಲು ಬಿಗಿಯಾಗಿರುವ ಅಥವಾ ತೀರ ಸಡಿಲವಾಗಿರುವ ಮಗುವಿನ ಕೀಲುಗಳನ್ನು ಜಗ್ಗಿ ತಿರುಚುವುದು, ತಲೆಕೆಳಗಾಗಿ ಎತ್ತುವುದು ಸಲ್ಲದು. ಮೂಗಿಗೆ, ಕಿವಿಗೆ ಎಣ್ಣೆ ಹೊಯ್ಯಬೇಡಿ. ಮೂಗಿಗೆ ಹೊಯ್ದ ಎಣ್ಣೆ ಶ್ವಾಸಕೋಶವನ್ನು ಸೇರಬಹುದು. ಬರೆ ಎಳೆಸುವ ಕ್ರೌರ್ಯ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಅದನ್ನು ಚಿಕಿತ್ಸೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲ ಬಾಗಿಲು ಮನೆಯ ಹತ್ತಿರವೇ ಇದೆ. ಆಶಾ ಕಾರ್ಯಕರ್ತೆಯು ಹೆರಿಗೆಯ ನಂತರ 42 ದಿನಗಳೊಳಗೆ ಹಲವು ಸಲ ಮನೆಗೆ ಬರುತ್ತಾಳೆ, ಆಮೇಲೆಯೂ 15ನೆಯ ತಿಂಗಳಿನವರೆಗೆ ಮೂರು ತಿಂಗಳಿಗೊಮ್ಮೆ ಬರಬೇಕು. ಬಂದಾಗ ಚಹ ಕೊಟ್ಟು ಕಳಿಸದೆ ಅನುಮಾನಗಳನ್ನು ಕೇಳಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ‘ಅತ್ತುಬಿಡುತ್ತದೆ’ ಎಂದು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ದೋಷ ಕಂಡ ಮಕ್ಕಳನ್ನು ಅವರು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಮಕ್ಕಳ ತಜ್ಞರು, ಫಿಜಿಯೊಥೆರಪಿ, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ನೋಡುವ ವ್ಯವಸ್ಥೆಯಿರುತ್ತದೆ. ಮಾತು, ಕಿವಿಯ ತೊಂದರೆಗಳಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನ ಭಾಗ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವಿಕಾಸದ ತೊಂದರೆಗಳನ್ನು ನೋಡುತ್ತಾರೆ.

ಚಿಕಿತ್ಸಾ ಕೇಂದ್ರದಲ್ಲಿ ವಾರಕ್ಕೊಂದು ಗಂಟೆ ಕಳೆದರೆ ಉಳಿದ ಹೊತ್ತೆಲ್ಲ ಮಗು ನಿಮ್ಮೊಡನೆಯೇ ಇರುತ್ತದೆ. ರೊಟ್ಟಿ ಬಡಿಯುವಾಗ, ಸೊಪ್ಪು ಬಿಡಿಸುವಾಗ ಎದುರಿಗೆ ಕೂರಿಸಿಕೊಂಡು ಪ್ರತಿಯೊಂದರ ಹೆಸರನ್ನೂ ಹೇಳಿ. ಕೇಳಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾಯಿರಿ. ಉತ್ತರಿಸಲು ಮಗುವಿಗೆ ಸಮಯ ಬೇಕು. ಕೇಳುವ ಮೊದಲೇ ಎಲ್ಲವನ್ನೂ ಕೈಗಿಡಬೇಡಿ, ಒಂದು ಸನ್ನೆಗಾದರೂ ಅವಕಾಶ ಕೊಡಿ. ಮನೆಯ ಭಾಷೆಯಲ್ಲಿಯೇ ಮಾತನಾಡಿ. ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು, ತಮಗೇ ಸಲೀಸಾಗಿ ಬಾರದ ಭಾಷೆಯಲ್ಲಿ ‘ಕಮ್, ಈಟ್’ ಎಂದು ತೊದಲುವ ಹಿರಿಯರನ್ನು ಕಂಡರೆ ನನಗೆ ಮರುಕವಾಗುತ್ತದೆ. ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಮಾತು ತಡವಾಗುವುದಿಲ್ಲ. ಯಾವ ಭಾಷೆಯೂ ತುಂಬು ಹೃದಯದಿಂದ ಕಿವಿಗೆ ಬೀಳದಿದ್ದರೆ ತೊಂದರೆ.

ಇಷ್ಟನ್ನೂ ತಾಯಿಯೊಬ್ಬಳೇ ಹೊರಲಾರಳು. ಮಗುವಿಗೆ ದೋಷವಿದೆಯೆಂದು ತಿಳಿದ ದಿನದಿಂದ ಅವಳ ಗ್ರಹಣದ ದಿನದ ನಡೆ, ಬಸುರಿನ ಊಟ, ತವರಿನ ವಂಶ ಎಲ್ಲವೂ ವಿಚಾರಣೆಗೆ ಬರುತ್ತವೆ. ಕ್ರಮೇಣ ಅವಳು ಮದುವೆ ಮುಂಜಿಗಳಿಗೆ, ಜಾತ್ರೆಗೆ ಹೋಗುವುದನ್ನೇ ಬಿಡುತ್ತಾಳೆ. ಅತ್ತೆಮಾವಂದಿರು ಸೊಸೆಯನ್ನು ಮಗುವಿನೊಡನೆ ತಾವೇ ಮುಂದಾಗಿ ಕರೆದೊಯ್ಯಬೇಕು. ತಿಂಗಳಿಗೊಮ್ಮೆಯಾದರೂ ತಂದೆ ಕೆಲಸ ಬಿಟ್ಟು ಚಿಕಿತ್ಸೆಗೆ ಜೊತೆಯಲ್ಲಿ ಹೋಗಬೇಕು. ವ್ಯಾಯಾಮವನ್ನು ಅವನೂ ಕಲಿಯಬೇಕು. ಆ ಮಗುವಿನ ಅಣ್ಣ ಅಕ್ಕಂದಿರಿಗೂ ದಿನಕ್ಕೆ ಸ್ವಲ್ಪ ಹೊತ್ತು ಮೀಸಲಿಡಿ, ಅವರು ಕೇಳದೆ ಸುಮ್ಮನಿರುವುದನ್ನು ಅರಿತುಕೊಳ್ಳಿ.

ಎಲ್ಲ ಮಕ್ಕಳೂ ಇತರರಂತೆಯೇ ಆಗುತ್ತಾರೆಂದು ನಾನು ಹೇಳುವುದಿಲ್ಲ. ಕೆಲವರಿಗೆ ನ್ಯೂನತೆ ಜೀವನಪೂರ್ತಿ ಇರುತ್ತದೆ. ಆದರೂ ಬೇಗ ಆರಂಭಿಸಿದವರು ತಾವೇ ಉಣ್ಣುವುದನ್ನು, ತಮ್ಮ ಬಟ್ಟೆ ತೊಡುವುದನ್ನು, ಬೇಕು ಬೇಡ ತಿಳಿಸುವುದನ್ನು ಕಲಿಯುವ ಸಂಭವ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಸೇರಿ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ನಿಗದಿತ ಪ್ರಮಾಣದ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಗುರುತಿನ ಚೀಟಿ ಮಾಡಿಸಿದರೆ ಮಾಸಾಶನ, ಬಸ್ ಪಾಸ್ ಮೊದಲಾದವುಗಳಿಗೆ ಅರ್ಜಿ ಹಾಕಲು ಅನುಕೂಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ನ್ಯೂನತೆಗಳಿರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯು ಒಂದು ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅರ್ಜಿಯ ದಾರಿ ತೋರಿಸುತ್ತಾರೆ. ಚೀಟಿ ಮಾಡಿಸಿದರೆ ‘ಅಂಗವಿಕಲ’ ಎಂಬ ಮುದ್ರೆ ಬೀಳುತ್ತದೆ, ಅಕ್ಕನ ಮದುವೆಗೆ ತೊಡಕಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಅವರು ಕಳೆದುಕೊಳ್ಳುತ್ತಿರುವುದು ಮಗುವಿನ ಹಕ್ಕನ್ನು.

ವೈದ್ಯರ ಬಳಿಗೆ ಹೋಗುವಾಗ ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ಹಿಂದಿನ ಪರೀಕ್ಷೆಗಳ ವರದಿಗಳು, ಕೊಡುತ್ತಿರುವ ಎಲ್ಲ ಔಷಧಗಳ ಸೀಸೆಗಳು (ನಾಟಿ ಔಷಧವಿದ್ದರೆ ಅದೂ) ಜೊತೆಗಿರಲಿ. ಮಗು ಯಾವ ತಿಂಗಳಿನಲ್ಲಿ ನಕ್ಕಿತು, ಕುಳಿತಿತು, ಮೊದಲ ಪದ ಆಡಿತು ಎಂಬುದನ್ನು ಹಿಂದಿನ ರಾತ್ರಿಯೇ ಮನೆಯವರೆಲ್ಲ ಕೂಡಿ ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆದಿಡಿ. ಹೊಸ ಜಾಗದಲ್ಲಿ ಮಗು ಮುದುಡಿಕೊಂಡು ಏನನ್ನೂ ತೋರಿಸದಿರಬಹುದು. ಅದು ಮನೆಯಲ್ಲಿ ಆಡುವಾಗ, ಕರೆದಾಗ, ನಡೆಯುವಾಗ ಎರಡೆರಡು ನಿಮಿಷದ ವಿಡಿಯೊ ತೆಗೆದುಕೊಂಡು ಹೋದರೆ ತಜ್ಞರಿಗೆ ಬಹಳ ಉಪಕಾರವಾಗುತ್ತದೆ. ಮೊಬೈಲಿನಿಂದ ಮಗುವಿಗೆ ಆಗುವ ಪ್ರಯೋಜನ ಅದೊಂದೇ.